ಜ್ವರವನ್ನು ಜೇಬಿನಲ್ಲಿ ಬಚ್ಚಿಡಬೇಡ

ಮೊನ್ನೆ ನಿನ್ನ ಪ್ಯಾಂಟು ಒಗೆಯಲು ಹಾಕುವಾಗ ನಿಮ್ಮಜ್ಜಿಗೆ ಜೇಬಿನಲ್ಲಿ ಡೋಲೋ ಮಾತ್ರೆಯ ಪಟ್ಟಿ ಸಿಕ್ಕಿತು. ಹದಿನೈದರಲ್ಲಿ ಒಂಬತ್ತು ಖಾಲಿ. ಅವಳು ಅದನ್ನು ತಂದು ನನ್ನ ಕೈಯಲ್ಲಿಟ್ಟಳು, ಏನೂ ಹೇಳಲಿಲ್ಲ. ಮೂರು ದಿನದಿಂದ ಜ್ವರ ಮೈಯಲ್ಲಿಟ್ಟುಕೊಂಡೇ ನೀನು ಹೊಸೂರಿನ ಕಾರ್ಖಾನೆಗೆ ಹೋಗಿಬರುತ್ತಿದ್ದೆ. ಕಂಪನಿ ಬಸ್ಸಿನಲ್ಲಿ ನಲವತ್ತು ಜನ, ಚಳಿಗೆ ಕಿಟಕಿಯೆಲ್ಲ ಮುಚ್ಚಿರುತ್ತದೆ. ಕೇಳಿದ್ದಕ್ಕೆ ಅಂದೆ: "ಹೇಳಿದರೆ ಮನೆಗೆ ಹೋಗು ಅಂತಾರೆ ತಾತ. ಕಾಂಟ್ರಾಕ್ಟ್ ಕೆಲಸ. ರಜೆ ಹಾಕಿದರೆ ಸಂಬಳ ಕಟ್."

ನಾನು ಬೈಯಲಿಲ್ಲ. ಬೈಯುವ ಹಕ್ಕು ನನಗಿಲ್ಲ, ಯಾಕೆಂದರೆ ನೀನು ಮಾಡಿದ್ದನ್ನೇ ಐದು ದಿನ ನಾನೂ ಮಾಡಿದ್ದೇನೆ. ಆ ಐದು ದಿನದ ವಿಚಾರವನ್ನು ನಿಮ್ಮಜ್ಜಿಗೆ ಬಿಟ್ಟು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಬಾಯಲ್ಲಿ ಹೇಳಹೋದರೆ ಗಂಟಲು ಕಟ್ಟುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಓದಿದ ಮೇಲೆ ಬಸ್ಸಿನಲ್ಲಿ ನಿನ್ನ ಪಕ್ಕ ಕೂರುವ ಹುಡುಗರಿಗೂ ಕೊಡು.

ಮೊದಲು ನಮ್ಮಕ್ಕನ ಸಂಗತಿ. ಅವಳಿಗೆ ಸಿಡುಬು ಬಂದದ್ದು 1955ರಲ್ಲಿ. ಅವಳಿಗೆ ಹತ್ತು ವರ್ಷ, ನನಗೆ ಆರು. ರಾಯಕೋಟೆ ದುರ್ಗದ ಬೆಟ್ಟದ ಬುಡದಲ್ಲಿ ನಮ್ಮ ಮನೆ. ರೋಗ ಅನ್ನುವ ಮಾತನ್ನೇ ಎತ್ತುವಂತಿರಲಿಲ್ಲ, "ಅಮ್ಮ ಬಂದವ್ಳೆ" ಅನ್ನಬೇಕು. ಅವ್ವ ಮೊದಲು ಮಾಡಿದ ಕೆಲಸ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದು. ಅಲ್ಲಿಂದ ಮುಂದೆ ಕಟ್ಟುಪಾಡುಗಳು. ಒಗ್ಗರಣೆ ಹಾಕುವಂತಿಲ್ಲ. ತಲೆ ಬಾಚುವಂತಿಲ್ಲ. ಹೊರಗಿನವರು ಹೊಸಿಲು ದಾಟುವಂತಿಲ್ಲ, ನಮ್ಮ ಮನೆಯವರು ಮದುವೆ ಮುಂಜಿ ಜಾತ್ರೆ ಅಂತ ಎಲ್ಲಿಗೂ ಹೋಗುವಂತಿಲ್ಲ. ಅಕ್ಕ ನಡುಮನೆಯ ಮೂಲೆಯಲ್ಲಿ ಬೇವಿನೆಲೆಯ ಮೇಲೆ ಮಲಗಿದ್ದಳು. ನಾನು ಹೊರಗೆ ಜಗಲಿಯಲ್ಲಿ. ಕಿಟಕಿಯ ಸರಳಿನ ಈಚೆಯಿಂದ ಅವಳಿಗೆ ಒಗಟು ಹೇಳುತ್ತಿದ್ದೆ. ಉತ್ತರ ಗೊತ್ತಿದ್ದರೂ ಅವಳು ಸೋಲುತ್ತಿದ್ದಳು, ನಾನು ಇನ್ನೊಂದು ಹೇಳಲಿ ಎಂದು.

ಆ ಸೊಪ್ಪು ಇಡೀ ಬೀದಿಗೆ ಸುದ್ದಿ ಹೇಳಿತು. ಸುದ್ದಿ ತಿಳಿದ ಬೀದಿ ದೂರ ನಿಂತಿತು, ಆದರೆ ಮರೆಯಲಿಲ್ಲ. ಬೆಳಗಾದರೆ ಗೋಡೆಯ ಮೇಲೆ ಒಂದು ಚೊಂಬು ಮಜ್ಜಿಗೆ, ಮಧ್ಯಾಹ್ನ ರಾಗಿ ಅಂಬಲಿ, ಸಂಜೆ ಯಾರೋ ಇಟ್ಟುಹೋದ ಎಳನೀರು. ಯಾರಿಟ್ಟರೆಂದು ಅವ್ವ ಚೊಂಬು ನೋಡಿಯೇ ಹೇಳುತ್ತಿದ್ದಳು. ಮನೆಯವರನ್ನು ಒಳಗೆ ಇರಿಸಿದ್ದೂ ಅದೇ ಕಟ್ಟುಪಾಡು, ಅವರ ಹೊಟ್ಟೆ ನೋಡಿಕೊಂಡದ್ದೂ ಅದೇ ಕಟ್ಟುಪಾಡು.

ಹಳೆಯದೆಲ್ಲ ಚೆಂದ ಅಂತ ನಾನು ಹೇಳುತ್ತಿಲ್ಲ ಮಗಾ. ಬೇವಿನಿಂದ ಸಿಡುಬು ವಾಸಿಯಾಗಲಿಲ್ಲ. ಅಕ್ಕ ಬದುಕಿದಳು, ಮುಖದ ತುಂಬ ಕುಳಿ ಉಳಿದವು. ಅದೇ ಬೀದಿಯಲ್ಲಿ ಇಬ್ಬರು ಮಕ್ಕಳು ಹೋದರು. ದಾಕು ಹಾಕುವವರು ಬಂದರೆ ನಮ್ಮ ಜನ ಮಕ್ಕಳನ್ನು ಕಣಜದ ಹಿಂದೆ ಬಚ್ಚಿಡುತ್ತಿದ್ದರು. ನಮ್ಮ ಬಾಗಿಲಿಗೆ ಮಜ್ಜಿಗೆ ಬಂದಹಾಗೆ ಊರಾಚೆಯ ಕೇರಿಯ ಬಾಗಿಲಿಗೆ ಬಂದಿತ್ತೇ ಎಂದು ನಾನು ಆಗ ಕೇಳಲಿಲ್ಲ. ಈಗ ಕೇಳಿಕೊಂಡರೆ ಉತ್ತರ ಗೊತ್ತು, ನಾಚಿಕೆಯಾಗುತ್ತದೆ. ಸಿಡುಬನ್ನು ಕೊನೆಗೆ ಓಡಿಸಿದ್ದು ದಾಕು. ಆದರೆ ಬರೀ ದಾಕು ಅನ್ನುವುದೂ ತಪ್ಪು. ಎಪ್ಪತ್ತರ ದಶಕದಲ್ಲಿ ಆರೋಗ್ಯದವರು ಮನೆಮನೆಗೂ ಸಿಡುಬಿನ ಚಿತ್ರ ಹಿಡಿದು ಬರುತ್ತಿದ್ದರು, "ಇಂಥ ಗುಳ್ಳೆ ಎದ್ದವರನ್ನು ಕಂಡಿದ್ದೀರಾ" ಎಂದು. ಸುದ್ದಿ ಕೊಟ್ಟವರಿಗೆ ಬಹುಮಾನವಿತ್ತು, ಅದು ಬರುಬರುತ್ತಾ 1000 ರೂಪಾಯಿಯವರೆಗೆ ಏರಿತು. ರೋಗಿಯ ಮನೆಗೆ ಕಾವಲು ಹಾಕಿ, ಸುತ್ತಲಿನವರಿಗೆಲ್ಲ ದಾಕು ಹಾಕುತ್ತಿದ್ದರು. 1975ರ ಮೇ ತಿಂಗಳ ಮೇಲೆ ಈ ದೇಶದಲ್ಲಿ ಒಬ್ಬರಿಗೂ ಸಿಡುಬು ಬರಲಿಲ್ಲ. ಯೋಚಿಸು: ರೋಗ ಇದೆ ಎಂದು ಬಾಯಿಬಿಟ್ಟವನಿಗೆ ಸರಕಾರ ಕರೆದು ದುಡ್ಡು ಕೊಟ್ಟಿತ್ತು.

ಅದಕ್ಕೂ ಹಿಂದಿನ ಪ್ಲೇಗಿನ ಕಾಲದಲ್ಲಿ ಆದದ್ದು ಇದರ ತಿರುಗುಮುರುಗು. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ನಮ್ಮಜ್ಜಿ ಹೇಳುತ್ತಿದ್ದಳು, ಇಲಿ ಬಿದ್ದರೆ ಊರೇ ಬಿಟ್ಟು ಹೊಲದಲ್ಲಿ ಸೋಗೆಯ ಗುಡಿಸಲು ಹಾಕಿಕೊಳ್ಳುತ್ತಿದ್ದರಂತೆ. ಅದು ಜನ ತಾವೇ ಕಂಡುಕೊಂಡ ಉಪಾಯ, ಒಳ್ಳೆಯ ಉಪಾಯ. ಆದರೆ ಸರಕಾರದ ಕಡೆಯವರು ಮನೆಗೆ ನುಗ್ಗಿ ಕಂಕುಳು ಮುಟ್ಟಿ ಗಡ್ಡೆ ಹುಡುಕಿ, ಹೆಂಗಸರನ್ನೂ ಮುದುಕರನ್ನೂ ಶಿಬಿರಕ್ಕೆ ಎಳೆದೊಯ್ಯುತ್ತಾರೆ ಅನ್ನುವ ಭಯ ಹುಟ್ಟಿದ ಮೇಲೆ ಜನ ಸತ್ತ ಇಲಿಯನ್ನೂ ಬಚ್ಚಿಟ್ಟರು, ಜ್ವರದವರನ್ನೂ ಬಚ್ಚಿಟ್ಟರು, ಹೆಣವನ್ನೂ ಬಚ್ಚಿಟ್ಟರು. ಮುಂಬಯಿ ಪ್ಲೇಗಿಗೆಂದು 1897ರಲ್ಲಿ ಬ್ರಿಟಿಷರು ಮಾಡಿದ ಆ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ 2020ರಲ್ಲಿ ನಮ್ಮ ಮೇಲೂ ಹೇರಿದ್ದು. ಕಾಯಿದೆ ಹಳೆಯದು, ಭಯವೂ ಹಳೆಯದೇ.

2020 ನಿನಗೂ ನೆನಪಿದೆ, ಹೈಸ್ಕೂಲಿನಲ್ಲಿದ್ದೆ. ಮಾರ್ಚ್ 24ರ ರಾತ್ರಿ ಎಂಟಕ್ಕೆ ಟಿ.ವಿ.ಯಲ್ಲಿ ಹೇಳಿದರು, ಹನ್ನೆರಡಕ್ಕೆ ದೇಶ ಮುಚ್ಚಿತು. ನಾಲ್ಕು ಗಂಟೆ. ಮನೆಯಲ್ಲಿ ಮದುವೆಗೆ ಅಕ್ಕಿ ನೆನೆಹಾಕಲೂ ಅದಕ್ಕಿಂತ ಹೆಚ್ಚು ಹೊತ್ತು ಕೊಡುತ್ತೇವೆ. ಮುಚ್ಚಬಾರದಿತ್ತು ಎಂದು ನಾನು ಆಗಲೂ ಅನ್ನಲಿಲ್ಲ, ಈಗಲೂ ಅನ್ನುವುದಿಲ್ಲ. ಮದ್ದಿಲ್ಲದ ಹೊಸ ರೋಗ, ಗಾಳಿಯಲ್ಲಿ ಹರಡುವಂಥದು. ಆಸ್ಪತ್ರೆಗಳು ಮಂಚ ಜೋಡಿಸಿಕೊಳ್ಳಲು ಸಮಯ ಬೇಕಿತ್ತು. ಆದರೆ ಅನ್ನ ದುಡಿದು ತರುವವರಿಗೆ ಊರು ಸೇರಿಕೊಳ್ಳಲು ನಾಲ್ಕು ದಿನವಾದರೂ ಬೇಕಿತ್ತು. ನಮ್ಮ ರಾಯಕೋಟೆ ಮಂಡಿಯ ಟೊಮೇಟೊ ನೋಡಿದೆಯಲ್ಲ. ಕಿತ್ತ ಕೂಲಿಯೂ ಹುಟ್ಟುವುದಿಲ್ಲವೆಂದು ಗಿಡದಲ್ಲೇ ಬಿಟ್ಟರು, ದನ ಮೇಯಿಸಿದರು. ತಳಿಯ ಕಡೆ ಗುಲಾಬಿ ಬೆಳೆದವರು ಮದುವೆಯಿಲ್ಲ, ಗುಡಿಯಿಲ್ಲ ಎಂದು ಹೂವನ್ನು ಬುಟ್ಟಿಬುಟ್ಟಿಯಾಗಿ ತಿಪ್ಪೆಗೆ ಸುರಿದರು. ಏಪ್ರಿಲಿನಲ್ಲಿ ರೇಷನ್ ಅಂಗಡಿಯಲ್ಲಿ 1000 ರೂಪಾಯಿ, ಜೊತೆಗೆ ಪುಕ್ಕಟೆ ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ ಕೊಟ್ಟರಲ್ಲ, ಸಾಲದಿದ್ದರೂ ಅದು ಗೋಡೆಯ ಮೇಲಿನ ಮಜ್ಜಿಗೆ ಚೊಂಬಿನ ಜಾತಿಯದು. ಲಾಠಿ ಮಾಡದ ಕೆಲಸವನ್ನು ಆ ಚೀಲ ಮಾಡಿತು.

ಏಪ್ರಿಲ್ ಕೊನೆಯಲ್ಲಿ, ರೋಗದ ಮಟ್ಟ ನೋಡಿ ಜಿಲ್ಲೆಗಳಿಗೆ ಬಣ್ಣ ಕೊಟ್ಟ ಕೇಂದ್ರದ ಪಟ್ಟಿ ಬಂದಾಗ ಇಡೀ ತಮಿಳುನಾಡಿನಲ್ಲಿ ಹಸಿರು ವಲಯ ಅಂತ ಇದ್ದದ್ದು ನಮ್ಮ ಕೃಷ್ಣಗಿರಿ ಜಿಲ್ಲೆ ಒಂದೇ. ಊರಿಗೆ ಊರೇ ಬೀಗಿತು. ಆ ಬೀಗುವಿಕೆಯೇ ಮುಂದೆ ನಮಗೆ ಮುಳುವಾಯಿತು ಅಂತ ನನ್ನ ಅನಿಸಿಕೆ. ಮೇ ಮೊದಲ ವಾರದಲ್ಲೇ ರೋಗ ಕಾಣಿಸಿಕೊಂಡಿತು. ಆಮೇಲೆ ಜ್ವರ ಬಂದವನು ಊರಿನ ಹಸಿರು ಕೆಡಿಸಿದ ಪಾಪಿಯ ಹಾಗೆ ಕಾಣತೊಡಗಿದ. ಬೆಂಗಳೂರಿನಿಂದ ಗಂಟು ಹೊತ್ತು ನಡೆದು ಬಂದ ನಮ್ಮದೇ ಹುಡುಗರನ್ನು ಊರಬಾಗಿಲಲ್ಲಿ ಮುಳ್ಳು ಹಾಕಿ ತಡೆದರು. "ಅಂತರ" ಅನ್ನುವ ಮಾತು ಎಲ್ಲರ ಬಾಯಲ್ಲಿತ್ತು. ನಮ್ಮ ಊರುಗಳಿಗೆ ಅಂತರ ಹೊಸದಲ್ಲ, ಜಾತಿಯ ಅಂತರ ಮೊದಲೇ ಇತ್ತು. ಅದಕ್ಕೊಂದು ಹೊಸ ನೆಪ ಸಿಕ್ಕದ್ದನ್ನು ನಾನು ಕಣ್ಣಾರೆ ಕಂಡೆ. ಒಂದೇ ಅಂಗಡಿಯ ಮುಂದೆ ಎರಡು ಸಾಲು ಮಾಡಿದರು. ನಾನು ಪ್ರತಿಭಟಿಸಿದೆ, ಆದರೆ ಮೆಲುದನಿಯಲ್ಲಿ. ನೀನು ಅಂಥದನ್ನು ಕಂಡರೆ ಮೆಲುದನಿಯಲ್ಲಿ ಹೇಳಬೇಡ.

ಅದೇ ಮೇ ತಿಂಗಳ ಕೊನೆಯಲ್ಲಿ ಅಕ್ಕ ತೀರಿಕೊಂಡಳು. ಕೊರೊನಾ ಅಲ್ಲ, ಹೃದಯ. ಆನೇಕಲ್ಲಿಗೆ ಕೊಟ್ಟ ಹೆಣ್ಣು. ಇಲ್ಲಿಂದ ಐವತ್ತು ಕಿಲೋಮೀಟರಿನ ಆಸುಪಾಸು. ನಮಗೆ ಗಡಿ ಅಂದರೆ ಅತ್ತಿಬೆಲೆಯಲ್ಲಿ ಬಸ್ಸು ಬದಲಾಯಿಸುವ ಜಾಗ, ಅಷ್ಟೇ. ಮನೆಯಲ್ಲಿ ಕನ್ನಡ, ಮಂಡಿಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು. ಹೆಣ್ಣು ತಂದದ್ದು ಆ ಕಡೆಯಿಂದ, ಕೊಟ್ಟದ್ದು ಆ ಕಡೆಗೆ. ಆ ವಾರ ಜೂಜುವಾಡಿಯ ಹತ್ತಿರ ಆ ಗಡಿ ನಿಜವಾಗಿ ಎದ್ದು ನಿಂತಿತ್ತು. ಇ-ಪಾಸಿಗೆ ಮರಣದ ಪ್ರಮಾಣಪತ್ರ ಬೇಕೆಂದರು. ಬೆಳಿಗ್ಗೆ ಸತ್ತವಳ ಪ್ರಮಾಣಪತ್ರ ಮಧ್ಯಾಹ್ನಕ್ಕೆ ಎಲ್ಲಿಂದ ತರಲಿ? ನಿನ್ನ ಅಪ್ಪ ಮೊಬೈಲಿನಲ್ಲಿ ಮೂರು ಸಲ ಅರ್ಜಿ ಹಾಕಿದ. ಪಾಸು ಬಂದಾಗ ಚಿತೆ ಆರಿತ್ತು. ತಡೆಗಟ್ಟಿನಲ್ಲಿದ್ದ ಪೊಲೀಸ್ ಹುಡುಗ ಕೆಟ್ಟವನಲ್ಲ, ಅವನ ಕಣ್ಣಲ್ಲೂ ನೀರಿತ್ತು. ಅವನಿಗೆ ಕೊಟ್ಟ ಆದೇಶದಲ್ಲಿ ಅಕ್ಕತಂಗಿಯರಿಗೆ ಜಾಗವಿರಲಿಲ್ಲ. ಆರು ವರ್ಷದವನಿದ್ದಾಗ ಸಿಡುಬಿನವಳ ಜೊತೆ ಕಿಟಕಿಯಿಂದ ಮಾತಾಡಿದವನಿಗೆ, ಎಪ್ಪತ್ತೊಂದರಲ್ಲಿ ಅವಳ ಮುಖ ನೋಡಲಾಗಲಿಲ್ಲ.

ನಮ್ಮದೇನೂ ದೊಡ್ಡ ದುಃಖವಲ್ಲ. ಆ ಮಾರ್ಚಿನಲ್ಲಿ ಕಾಸರಗೋಡಿನ ಕಡೆಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದರು. ತಲೆಮಾರುಗಳಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಜನ ತಲಪಾಡಿಯಲ್ಲಿ ನಿಂತುಬಿಟ್ಟರು. ಚಿಕಿತ್ಸೆ ಸಿಗದೆ ಜೀವಗಳು ಹೋದವು. ವಿಷಯ ಕೇರಳದ ಹೈಕೋರ್ಟಿಗೆ ಹೋಗಿ, ಸುಪ್ರೀಂ ಕೋರ್ಟಿಗೂ ಹೋಯಿತು. ರೋಗ ತಡೆಯಲು ಬೇಲಿ ಹಾಕು, ಬೇಡವೆನ್ನುವುದಿಲ್ಲ. ಬೇಲಿ ಹಾಕುವ ಮೊದಲು ಅದರಲ್ಲಿ ಗೇಟು ಎಲ್ಲಿ ಎಂದು ಗೊತ್ತುಮಾಡಿಕೋ. ನಮ್ಮ ರೈತನಿಗೆ ಗೊತ್ತಿರುವ ಮಾತಿದು, ಗೇಟಿಲ್ಲದ ಬೇಲಿಯನ್ನು ದನವೂ ಮುರಿಯುತ್ತದೆ, ಆಳೂ ಮುರಿಯುತ್ತಾನೆ. ಆ ದಿನಗಳಲ್ಲಿ ಎಷ್ಟು ಜನ ರಾತ್ರಿ ರಾಗಿ ಹೊಲದ ಬದುವಿನ ಮೇಲೆ ಗಡಿ ದಾಟಿದರು, ಲೆಕ್ಕವಿಟ್ಟವರಿಲ್ಲ. ರಸ್ತೆಯಲ್ಲಿ ಬಂದಿದ್ದರೆ ಜ್ವರವನ್ನಾದರೂ ನೋಡಬಹುದಿತ್ತು.

ಆಮೇಲೆ ತಗಡು ಬಂತು. ರೋಗ ಬಂದ ಮನೆಯ ಬೀದಿಗೆ ತಗಡು ಬಡಿದು, ಬಾಗಿಲಿಗೆ ಚೀಟಿ ಅಂಟಿಸುವುದು. 2020ರ ಜುಲೈನಲ್ಲಿ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಎರಡು ಮನೆಗಳ ಬಾಗಿಲಿಗೇ ತಗಡು ಬಡಿದಿದ್ದರು. ಒಂದರಲ್ಲಿ ಪುಟ್ಟ ಮಕ್ಕಳ ತಾಯಿ, ಇನ್ನೊಂದರಲ್ಲಿ ಮುದಿ ದಂಪತಿ. ಬೆಂಕಿ ಬಿದ್ದರೆ ಎಲ್ಲಿಂದ ಹೊರಬರಬೇಕು? ಪಾಲಿಕೆಯ ಆಯುಕ್ತರೇ ಕ್ಷಮೆ ಕೇಳಿ ತೆಗೆಸಿದರು. ಬೇವಿನ ಸೊಪ್ಪೂ ಗುರುತು, ತಗಡೂ ಗುರುತು. ಸೊಪ್ಪನ್ನು ಮನೆಯವರು ತಾವೇ ಕಟ್ಟುತ್ತಿದ್ದರು. ತಗಡನ್ನು ಬೇರೆಯವರು ಬಂದು ಬಡಿಯುತ್ತಿದ್ದರು, ಬಡಿಯುವಾಗ ಬೀದಿಯವರೆಲ್ಲ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು. ನಮ್ಮ ಎದುರು ಬೀದಿಯಲ್ಲಿ ತಗಡು ಬಡಿದ ದಿನ ನಾನು ಮನಸ್ಸಿನಲ್ಲೇ ನಿರ್ಧರಿಸಿದೆ: ನಮ್ಮ ಮನೆಗೆ ಇದಾಗಬಾರದು. ರೋಗ ಬರಬಾರದು ಅಂತಲ್ಲ. ಗೊತ್ತಾಗಬಾರದು ಅಂತ. ಮೂವತ್ತೈದು ವರ್ಷ ಮೇಷ್ಟ್ರಾಗಿದ್ದವನ ಬುದ್ಧಿ ಇಷ್ಟು.

2021ರ ಏಪ್ರಿಲ್ 29ರ ರಾತ್ರಿ ನನಗೆ ಚಳಿ ಬಂತು. ಬೆಳಿಗ್ಗೆ ಒಂದು ಮಾತ್ರೆ ನುಂಗಿದೆ, ಇಳಿಯಿತು. ನಿಮ್ಮಜ್ಜಿಗೆ ನಿದ್ದೆ ಇಲ್ಲ ಅಂದೆ. ನನ್ನ ಗೆಳೆಯ ಗೊತ್ತಲ್ಲ, ಮೂರು ಮನೆ ಆಚೆ. ಹೆಸರು ಬರೆಯಲಾರೆ. ಐವತ್ತು ವರ್ಷ ದಿನವೂ ಕೂತು ಮಾತಾಡಿದವರು. ಅವನು ಲಸಿಕೆ ಹಾಕಿಸಿಕೊಂಡಿರಲಿಲ್ಲ. ಏಪ್ರಿಲ್ 17ರಂದು ತಮಿಳು ನಟ ವಿವೇಕ್ ತೀರಿಕೊಂಡರಲ್ಲ, ಲಸಿಕೆ ಹಾಕಿಸಿಕೊಂಡು ಎರಡೇ ದಿನಕ್ಕೆ. ಸಾವಿಗೂ ಲಸಿಕೆಗೂ ಸಂಬಂಧವಿಲ್ಲ, ಅದು ಹೃದಯಾಘಾತ ಎಂದು ವೈದ್ಯರು ಹೇಳಿದರು. ಭಯ ಹೊಕ್ಕ ಮೇಲೆ ಯಾರು ಕೇಳುತ್ತಾರೆ? "ಸ್ವಲ್ಪ ದಿನ ನೋಡೋಣ" ಅಂದ. ನಾನು ಒಂದು ಸೂಜಿ ಹಾಕಿಸಿಕೊಂಡಿದ್ದೆ. ಅವನನ್ನು ಕೈಹಿಡಿದು ಕರೆದೊಯ್ಯಬೇಕಿತ್ತು, ಒಯ್ಯಲಿಲ್ಲ.

ಮೇ 2, ಭಾನುವಾರ, ಚುನಾವಣೆಯ ಎಣಿಕೆ. ಬೆಳಿಗ್ಗೆ ಎಂಟರಿಂದ ಕತ್ತಲಾಗುವವರೆಗೆ ಅವನ ನಡುಮನೆಯಲ್ಲಿ ಟಿ.ವಿ. ಮುಂದೆ ಕೂತೆವು. ಬಿಸಿಲಿನ ಝಳಕ್ಕೆ ಕಿಟಕಿ ಮುಚ್ಚಿ ಫ್ಯಾನ್ ಹಾಕಿದ್ದ. ಮಾಸ್ಕು ಇಬ್ಬರ ಗದ್ದದ ಕೆಳಗೆ. ಒಂದೇ ತಟ್ಟೆಯಿಂದ ಕಡಲೆಕಾಯಿ ತಿಂದೆವು. ನನ್ನ ಅಂಗಿಯ ಜೇಬಿನಲ್ಲಿ ಮಾತ್ರೆಯ ಪಟ್ಟಿ ಇತ್ತು, ನಿನ್ನ ಜೇಬಿನಲ್ಲಿದ್ದಂಥದ್ದೇ. ನಡುವೆ ಎದ್ದು ಹಿತ್ತಿಲಿಗೆ ಹೋಗಿ ಒಂದು ನುಂಗಿ ಬಂದೆ. ಅದೇ ಮನೆಯ ಜಗಲಿಯಲ್ಲಿ ಕೂತಿದ್ದರೂ ಗಾಳಿ ಆಡುತ್ತಿತ್ತು, ಅಷ್ಟಾದರೂ ಆಗುತ್ತಿತ್ತು.

ನಾಲ್ಕನೆಯ ತಾರೀಖು ಮೆಟ್ಟಿಲು ಹತ್ತುವಾಗ ಕುಸಿದೆ. ನಿನ್ನ ಅಪ್ಪ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದ. 86. ತೊಂಬತ್ತನಾಲ್ಕಕ್ಕಿಂತ ಕೆಳಗಿಳಿದರೆ ಕಾಯಬಾರದು ಅಂತ ಅಷ್ಟು ಹೊತ್ತಿಗೆ ಎಲ್ಲರಿಗೂ ಬಾಯಿಪಾಠವಾಗಿತ್ತು. ಈ ರೋಗದ ಕೇಡು ಅದೇ: ಉಸಿರು ಕಟ್ಟುವ ಮೊದಲೇ ರಕ್ತದಲ್ಲಿ ಉಸಿರು ಮುಗಿದಿರುತ್ತದೆ, ಮನುಷ್ಯ ಮಾತಾಡುತ್ತಲೇ ಇರುತ್ತಾನೆ. ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಬೋರಲು ಮಲಗಿಸಿ ಆಕ್ಸಿಜನ್ ಕೊಟ್ಟರು. ಎರಡು ದಿನದ ಹಿಂದಷ್ಟೇ, ಎಣಿಕೆಯ ಆ ರಾತ್ರಿ, ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಸಾಲದೆ ಸಾವುಗಳಾಗಿದ್ದವು. ಆ ಸುದ್ದಿ ವಾರ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಸಿಲಿಂಡರಿನ ಸದ್ದು ಒಂದು ಚೂರು ಬದಲಾದರೂ ಎಲ್ಲರ ತಲೆಯೂ ಏಳುತ್ತಿತ್ತು. ದೆಂಕಣಿಕೋಟೆ ಕಡೆಯ ಒಬ್ಬ ನರ್ಸಮ್ಮ, ನಮ್ಮ ಕನ್ನಡದಲ್ಲಿ, "ತಾತ, ಯಾವತ್ತಿಂದ ಜ್ವರ?" ಅಂತ ಕೇಳಿದಳು. ಮೊದಲು "ನಿನ್ನೆಯಿಂದ" ಅಂದೆ. ಆಮೇಲೆ ಅವಳ ಕನ್ನಡಕದೊಳಗಿನ ಬೆವರು ನೋಡಿ ನಿಜ ಹೇಳಿದೆ. ಅವಳು ಬೈಯಲಿಲ್ಲ. ಬರೆದುಕೊಂಡಳು. ಎಷ್ಟನೆಯ ದಿನ ಎಂಬುದರ ಮೇಲೆ ಯಾವ ಔಷಧಿ ಎಂಬುದು ನಿಂತಿದೆ ಎಂದು ಆಮೇಲೆ ತಿಳಿಯಿತು. ಅವಳಿಗೆ ನಾನು ಸುಳ್ಳನ್ನೇ ಉಳಿಸಿದ್ದರೆ ಇದನ್ನು ಬರೆಯಲು ಇರುತ್ತಿರಲಿಲ್ಲವೇನೋ.

ನಾನು ಮನೆಗೆ ಬಂದಾಗ ಗೆಳೆಯ ಇರಲಿಲ್ಲ. ಮೇ 12ಕ್ಕೆ ಹೋದನಂತೆ. ನನಗೆ ಹೇಳಬಾರದೆಂದು ಎಲ್ಲರಿಗೂ ಕಟ್ಟಪ್ಪಣೆ ಮಾಡಿದ್ದರು.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಜ್ವರ ಬಂದರೆ ಹೇಳು. ಮೊದಲ ದಿನವೇ ಹೇಳು. ಸಂಬಳ ಕಟ್ಟಾಗುತ್ತದೆ ಅನ್ನುವುದು ಸುಳ್ಳಲ್ಲ, ನನಗೆ ಗೊತ್ತು. ಆ ಎರಡು ದಿನದ ಕೂಲಿಯನ್ನು ನನ್ನ ಪಿಂಚಣಿಯಿಂದ ಕೊಡುತ್ತೇನೆ, ಅದು ಸಾಲವಲ್ಲ. ಆದರೆ ಪಿಂಚಣಿಯ ತಾತ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಅದಕ್ಕೆ ನಿನ್ನ ಬಸ್ಸಿನ ನಲವತ್ತು ಜನ ಸೇರಿ ಕೇಳಿ, ಜ್ವರದ ರಜೆಗೆ ಸಂಬಳ ಹಿಡಿಯಬಾರದೆಂದು. ಒಬ್ಬನೇ ಕೇಳಿದರೆ ಗೇಟಿನ ಹೊರಗೆ, ನಲವತ್ತು ಜನ ಕೇಳಿದರೆ ಮೇಜಿನ ಮುಂದೆ. ಅವರಿಗೂ ಲೆಕ್ಕ ಬರುತ್ತದೆ: ಒಬ್ಬ ಎರಡು ದಿನ ಮನೆಯಲ್ಲಿದ್ದರೆ ಖರ್ಚು ಎಷ್ಟು, ಒಂದು ಶಿಫ್ಟೇ ಮಲಗಿದರೆ ಎಷ್ಟು. ಮುಂದೆ ನೀನೇ ಸೂಪರ್‌ವೈಸರ್ ಆದರೆ, ಜ್ವರ ಅಂತ ಬಂದವನನ್ನು ಮೊದಲು ಕೂರಿಸು, ಆಮೇಲೆ ಮಾತಾಡು. ಮಾಸ್ಕು ಹಾಕು, ಕಿಟಕಿ ತೆಗೆ, ಸೂಜಿ ಹಾಕಿಸಿಕೋ. ಇವೆಲ್ಲ ನಿನಗೆ ಗೊತ್ತಿರುವುದೇ.

ಇನ್ನು ಕಟ್ಟುಪಾಡುಗಳು. ಮತ್ತೊಂದು ರೋಗ ಬಂದೇ ಬರುತ್ತದೆ, ಆಗ ಪಂಚಾಯಿತಿಯಲ್ಲಿ ನಿನ್ನ ವಯಸ್ಸಿನವರೇ ಕೂತಿರುತ್ತೀರಿ. ಮದುವೆಗೆ ಐವತ್ತೇ ಜನ ಅಂದರೆ ಪಾಲಿಸಿ, ಐವತ್ತೊಂದನೆಯವರು ಎಷ್ಟು ದೊಡ್ಡವರಾದರೂ ಬಾಗಿಲಲ್ಲಿ ಕೈಮುಗಿದು ಕಳಿಸಿ. ಆದರೆ ಶಾಲೆಯನ್ನು ಕೊನೆಗೆ ಮುಚ್ಚಿ, ಮೊದಲು ತೆರೆಯಿರಿ. ನಮ್ಮಲ್ಲಿ ಒಂದರಿಂದ ಎಂಟನೆಯ ತರಗತಿಯ ಮಕ್ಕಳು 2020ರ ಮಾರ್ಚಿನಲ್ಲಿ ಮನೆಗೆ ಹೋದವರು ಮತ್ತೆ ಬೆಂಚಿನ ಮೇಲೆ ಕೂತದ್ದು 2021ರ ನವೆಂಬರ್ 1ರಂದು. ಆ ಹತ್ತೊಂಬತ್ತು ತಿಂಗಳಲ್ಲಿ ವೈನ್ ಶಾಪು ಎಷ್ಟು ಸಲ ತೆರೆಯಿತು, ಎಣಿಸು. ನಮ್ಮ ಹೊಂಗೆ ಮರದ ಕೆಳಗೆ ನಾನು ಹನ್ನೆರಡು ಮಕ್ಕಳಿಗೆ ಕಾಗುಣಿತ ಹೇಳಿಕೊಡುತ್ತಿದ್ದೆ, ದೂರದೂರ ಕೂರಿಸಿ. ಮೂರನೆಯ ತರಗತಿಗೆ ಸೇರಬೇಕಾದವನಿಗೆ ಒತ್ತಕ್ಷರ ಮರೆತೇಹೋಗಿತ್ತು. ಎಂಟನೆಯದರಲ್ಲಿದ್ದ ಒಂದು ಹುಡುಗಿ ಬರುವುದನ್ನು ನಿಲ್ಲಿಸಿದಳು. ವಿಚಾರಿಸಿದರೆ ಬೆಟ್ಟದ ಕಡೆ ಮದುವೆ ಮಾಡಿ ಕಳಿಸಿದ್ದರು. ಅವಳ ಅಕ್ಷರ ದುಂಡಗಿತ್ತು. ಆ ನಷ್ಟವನ್ನು ಯಾವ ವಲಯದ ಬಣ್ಣದಲ್ಲೂ ತೋರಿಸಲಿಲ್ಲ.

ಗೆಳೆಯನ ಹೆಂಡತಿಯ ಹತ್ತಿರ ಹೋಗಲು ನನಗೆ ಎರಡು ವರ್ಷ ಬೇಕಾಯಿತು. ರೋಗ ನನ್ನಿಂದಲೇ ಅವನಿಗೆ ಹೋಯಿತೋ, ಹಾಲಿನವನಿಂದ ಹೋಯಿತೋ, ಯಾರೂ ಹೇಳಲಾರರು. ಹೇಳಲಾರರು ಅನ್ನುವುದೇ ಭಾರ. 2023ರ ಯುಗಾದಿಯ ಮಾರನೆಯ ದಿನ ಹೋಗಿ, ಆ ನಡುಮನೆಯಲ್ಲೇ ಕೂತು, ಜೇಬಿನ ಮಾತ್ರೆಯಿಂದ ಹಿಡಿದು ಹಿತ್ತಿಲಿನವರೆಗೆ ಎಲ್ಲ ಹೇಳಿದೆ. ಆಕೆ ತುಂಬ ಹೊತ್ತು ಸೆರಗಿನ ತುದಿ ತಿರುವುತ್ತಾ ಕೂತರು. ಆಮೇಲೆ ಎದ್ದು ದೇವರ ಗೂಡಿನ ಪಕ್ಕದ ಡಬ್ಬಿಯಿಂದ ಅವನ ಕನ್ನಡಕದ ಚೀಲ ತಂದು ನನ್ನ ಮುಂದಿಟ್ಟರು. ಒಳಗೆ ಕನ್ನಡಕದ ಜೊತೆ ಮಾತ್ರೆಯ ಪಟ್ಟಿ, ಅರ್ಧ ಖಾಲಿ.

"ಅವರಿಗೂ ಇತ್ತು ಮೇಷ್ಟ್ರೇ," ಅಂದರು. "ಎಣಿಕೆಯ ಹಿಂದಿನ ದಿನದಿಂದಲೇ. ನಿಮಗೆ ಹೇಳಬೇಡ, ಹೇಳಿದರೆ ನಾಳೆ ಟಿ.ವಿ. ನೋಡಲು ಬರುವುದಿಲ್ಲ ಅಂದಿದ್ದರು."